ಚರಗದ ಊಟಕ್ಕೆ ಕರೀತಾರ, ದಾರಿಗೆ ಮುಳ್ಳು ಹಚ್ಚತಾರ: ಹೊಲದ ದಾರಿ ಜಗಳ ಯಾಕ ಹುಟ್ಟತೈತಿ, ಹೆಂಗ ಬಗೆಹರೀತೈತಿ?

ಚನ್ನಮ್ಮನ ಕಿತ್ತೂರು: ಎಳ್ಳಅಮವಾಸ್ಯೆ ದಿನ ತಾಲೂಕಿನ ಯಾವ ಊರಿನ ಹೊಲಕ್ಕೆ ಹೋದರೂ ಉಣ್ಣದೆ ವಾಪಸ್ ಬರಾಕ ಬಿಡೋದಿಲ್ಲ. ಬನ್ನಿ ಗಿಡದ ಬುಡಕ್ಕೆ ಐದು ಕಲ್ಲಿಟ್ಟು ಪೂಜೆ, ಹೊಲದ ತುಂಬ ಚರಗ, ಆಮೇಲೆ ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ. "ಬರ್ರೀ ಕಾಕಾ, ಒಂದ್ ತುತ್ತು ಉಂಡ್ ಹೋಗ್ರಿ" ಅಂತ ಬಾಜು ಹೊಲದವರೇ ಕೈ ಹಿಡಿದು ಕೂಡಿಸ್ತಾರೆ. ಅದೇ ಬಾಜು ಹೊಲದವರು ಸೋಯಾಬೀನ್ ರಾಶಿ ಹೊತ್ತಿನಲ್ಲಿ ಅದೇ ಕಾಕಾನ ಟ್ರ್ಯಾಕ್ಟರ್ ಹಾಯುವ ದಾರಿಗೆ ಜಾಲಿ ಮುಳ್ಳು ಹಚ್ಚೋದೂ ಹಳ್ಳಿಯಲ್ಲಿ ಹೊಸದೇನಲ್ಲ.

ಊರಿನ ಸುಖ ಅಂದರೆ ಇದೇ, ಊರಿನ ತ್ರಾಸ ಅಂದರೂ ಇದೇ. ಮುಯ್ಯಾಳಿಗೆ ಬರುವವರು, ರಾತ್ರಿ ಹಾವು ಕಡಿದರೆ ಗಾಡಿ ತೆಗೆಯುವವರು, ಮದುವೆಗೆ ಮುಂದೆ ನಿಲ್ಲುವವರು, ಬದುವಿನ ಮೇಲೆ ಕುಡಗೋಲು ಹಿಡಿದು ನಿಲ್ಲುವವರು ಎಲ್ಲರೂ ಒಂದೇ ಓಣಿಯವರು. ಈ ಜಗಳದಲ್ಲಿ ಕೆಟ್ಟವರು ಯಾರು ಅಂತ ಹುಡುಕುವ ಬದಲು, ಇದು ಹುಟ್ಟುವುದು ಎಲ್ಲಿ, ಕಾನೂನು ಏನು ಹೇಳುತ್ತದೆ ಅಂತ ತಿಳಿದುಕೊಂಡರೆ ಎಷ್ಟೋ ಮನೆತನ ಉಳಿದಾವು.

ದಾರಿ ಎಲ್ಲಿ ಹೋಯಿತು?

ಮೊದಲ ಕಾರಣ ವಾಟ್ನಿ. ಅಜ್ಜನ ಕಾಲಕ್ಕೆ ಎಂಟೆಕರೆ ಒಂದೇ ಹೊಲ, ರಸ್ತೆಗೆ ಹತ್ತಿದ ಹೊಲ. ಮಕ್ಕಳಿಗೆ ಬಂದಾಗ ಎರಡು ಪಾಲು, ಮೊಮ್ಮಕ್ಕಳಿಗೆ ಬಂದಾಗ ನಾಲ್ಕು ಪಾಲು. ರಸ್ತೆ ಕಡೆಯ ಪಾಲು ಬಂದವನಿಗೆ ಚಿಂತೆ ಇಲ್ಲ. ಹಿಂದಿನ ಪಾಲಿನವನು ಅಣ್ಣನ ಹೊಲ ದಾಟಿಯೇ ಹೋಗಬೇಕು. ವಾಟ್ನಿ ಪತ್ರದಲ್ಲಿ ಎಕರೆ, ಗುಂಟೆ, ಬಾವಿ, ಮೋಟರು, ಮಾವಿನ ಗಿಡ ಎಲ್ಲಾ ಬರೆದಿರುತ್ತಾರೆ. ದಾರಿ ಮಾತ್ರ ಬರೆದಿರೋದಿಲ್ಲ. "ಅಣ್ತಮ್ಮರ ನಡುವ ದಾರಿ ಏನ್ ಬರಿಯೋದು ಬಿಡೋ" ಅಂದಿರುತ್ತಾರೆ.

ಎರಡನೆಯ ಕಾರಣ ಗಾಡಿ. ಚಕ್ಕಡಿ ಹಾಯುತ್ತಿದ್ದ ದಾರಿಯಲ್ಲಿ ಈಗ ಎರಡು ಟ್ರೇಲರ್ ಕಟ್ಟಿದ ಕಬ್ಬಿನ ಟ್ರ್ಯಾಕ್ಟರ್ ಹಾಯಬೇಕು. ರಾಶಿ ಮಷೀನು ಬರಬೇಕು. ಎರಿ ಹೊಲ ಇದ್ದರಂತೂ ಒಂದು ಮಳೆ ಬಿದ್ದರೆ ಗಾಲಿ ಹುಗಿಯುತ್ತದೆ, ಡ್ರೈವರ್ ಪಕ್ಕದ ಬೆಳೆ ಮೇಲೆ ಹಾಯಿಸುತ್ತಾನೆ. ಬೆಳೆದವನ ಹೊಟ್ಟೆ ಉರಿಯೋದು ಸಹಜ.

ಮೂರನೆಯದು ಸದ್ದಿಲ್ಲದ ಕಾರಣ. ಉಳುಮೆ ಮಾಡುವಾಗ ವರ್ಷಕ್ಕೊಂದು ಗೇಣು ದಾರಿ ಹೊಲಕ್ಕೆ ಸೇರುತ್ತದೆ. ಗೇಣು ಅಂದರೆ 9 ಇಂಚು. ಹನ್ನೆರಡು ವರ್ಷಕ್ಕೆ ಒಂಬತ್ತು ಅಡಿ. ಯಾರೂ ಕದ್ದಿಲ್ಲ, ಆದರೆ ದಾರಿ ಇಲ್ಲ.

ಮೂರು ಗುಂಟೆಯ ಲೆಕ್ಕ

ದಾರಿ ಕೊಡುವವರ ಕಡೆಯೂ ಒಂದು ಲೆಕ್ಕ ಇದೆ. 10 ಅಡಿ ಅಗಲ, 330 ಅಡಿ ಉದ್ದದ ದಾರಿ ಅಂದರೆ 3,300 ಚದರ ಅಡಿ. ಒಂದು ಗುಂಟೆಗೆ 1,089 ಚದರ ಅಡಿ. ಅಂದರೆ ಮೂರು ಗುಂಟೆಗಿಂತ ತುಸು ಹೆಚ್ಚೇ ಹೋಯಿತು. ಎರಡೆಕರೆ, ಅಂದರೆ 80 ಗುಂಟೆ ಇದ್ದವನಿಗೆ ಮೂರು ಗುಂಟೆ ಸಣ್ಣ ಮಾತಲ್ಲ. ಇನ್ನೊಂದು ಕಡೆ ಹಿಂದಿನ ಹೊಲದವನಿಗೆ ದಾರಿ ಇಲ್ಲದಿದ್ದರೆ ಕಡಿದ ಕಬ್ಬು ಹೊಲದಲ್ಲೇ ಒಣಗಿ ತೂಕ ಇಳಿಯುತ್ತದೆ, ಸೋಯಾ ಚೀಲ ಮಳೆಗೆ ಸಿಗುತ್ತವೆ.

ಇದು ಬರೀ ಇಬ್ಬರ ಮಾತೂ ಅಲ್ಲ. ಬೀಜ-ಗೊಬ್ಬರದ ಅಂಗಡಿಯವರ ಉದ್ರಿ ತೀರುವುದು ರಾಶಿ ಆದ ಮೇಲೆ. ಮಾಲು ಹೊಲದಲ್ಲೇ ನಿಂತರೆ ಉದ್ರಿಯೂ ನಿಂತಂತೆ. ಜಗಳದ ಎರಡೂ ಕಡೆಯವರು ಅದೇ ಅಂಗಡಿಯ ಗಿರಾಕಿಗಳು. ಅಂಗಡಿಕಾರ ಯಾರ ಪರ ಮಾತಾಡಿದರೂ ಒಂದು ಮನೆತನದ ವ್ಯಾಪಾರ ಹೋಗುತ್ತದೆ.

ಮೊದಲು ನಕಾಶೆ ನೋಡಿ

ಜಗಳಕ್ಕೆ ಇಳಿಯುವ ಮುಂಚೆ ನೋಡಬೇಕಾದದ್ದು ಗ್ರಾಮ ನಕಾಶೆ. ಹಳೇ ಸರ್ವೆ ನಕಾಶೆಯಲ್ಲಿ ಬಂಡಿ ದಾರಿ, ಕಾಲುದಾರಿಗಳನ್ನು ಗುರುತು ಮಾಡಿರುತ್ತಾರೆ. ಭೂಮಾಪನ ಇಲಾಖೆಯ ವೆಬ್‌ಸೈಟಿನಲ್ಲಿ ಗ್ರಾಮ ನಕಾಶೆಗಳು ಸಿಗುತ್ತವೆ. 'ದಿಶಾಂಕ್' ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ತಿಳಿಯುತ್ತದೆ. ಪಹಣಿಯಲ್ಲಿ (ಉತಾರದಲ್ಲಿ) 'ಬ' ಖರಾಬು ಅಂತ ಇದ್ದರೆ ಅದನ್ನೂ ನೋಡಿ. ರಸ್ತೆ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ಜಾಗವನ್ನು 'ಬ' ಖರಾಬು ಅಂತ ತೋರಿಸುತ್ತಾರೆ. ಅದು ಹೊಲದವರ ಸ್ವಂತದ್ದಲ್ಲ.

ನಕಾಶೆಯಲ್ಲಿ ದಾರಿ ಇದ್ದರೆ ಕೆಲಸ ಅರ್ಧ ಆದಂತೆ. ತಹಶೀಲ್ದಾರರಿಗೆ ನಕಾಶೆ, ಪಹಣಿ ಹಚ್ಚಿ ಅರ್ಜಿ ಕೊಡಬೇಕು. ಇಂಥ ದಾರಿ ಮುಚ್ಚಿದ್ದರೆ ತೆರವು ಮಾಡಿಸಬೇಕು ಅಂತ ಕಂದಾಯ ಇಲಾಖೆ 2023ರಲ್ಲಿ ರಾಜ್ಯದ ಎಲ್ಲಾ ತಹಶೀಲ್ದಾರರಿಗೆ ಸುತ್ತೋಲೆಯನ್ನೂ ಹೊರಡಿಸಿದೆ.

ನಕಾಶೆಯಲ್ಲಿ ಇಲ್ಲದಿದ್ದರೆ?

ಖರೇ ತಕರಾರು ಇಲ್ಲಿದೆ. ಖಾಸಗಿ ಹೊಲದ ಮೇಲಿನ ದಾರಿಗೆ ಅನ್ವಯಿಸುವುದು 1882ರ ಭಾರತೀಯ ವಹಿವಾಟು ಹಕ್ಕುಗಳ (ಈಸ್‌ಮೆಂಟ್) ಕಾಯ್ದೆ. ನಮ್ಮ ಭಾಗ ಆಗ ಮುಂಬೈ ಪ್ರಾಂತ್ಯದಲ್ಲಿತ್ತು, 1891ರಲ್ಲಿ ಈ ಕಾಯ್ದೆ ಇಲ್ಲಿಗೂ ಬಂತು. ಇದರಲ್ಲಿ ರೈತರು ತಿಳಿಯಬೇಕಾದ ದಾರಿಗಳು ಎರಡು.

ಒಂದು, ಅನಿವಾರ್ಯತೆಯ ಹಕ್ಕು. ಕಲಂ 13ರ ಪ್ರಕಾರ ಒಟ್ಟಿಗಿದ್ದ ಆಸ್ತಿ ವಾಟ್ನಿ ಆದಾಗ, ಒಬ್ಬನ ಪಾಲು ದಾಟದೆ ಇನ್ನೊಬ್ಬನ ಪಾಲಿಗೆ ಹೋಗಲು ಸಾಧ್ಯವೇ ಇಲ್ಲ ಅಂದರೆ, ಪತ್ರದಲ್ಲಿ ಬರೆಯದಿದ್ದರೂ ದಾರಿಯ ಹಕ್ಕು ಇರುತ್ತದೆ. ಆದರೆ ಎಲ್ಲಿಂದ ದಾರಿ ಅನ್ನುವುದನ್ನು ಗುರುತಿಸಿ ಕೊಡುವವನು ದಾರಿ ಬಿಡುವ ಹೊಲದವನು. ಅದು ಹೋಗುವವನಿಗೂ ತಕ್ಕಮಟ್ಟಿಗೆ ಅನುಕೂಲ ಆಗಬೇಕು, ಅಷ್ಟೆ. "ನನಗ ನಟ್ಟ ನಡುವೇ ಬೇಕು" ಅನ್ನೋ ಹಾಂಗಿಲ್ಲ. ಬೇರೆ ದಾರಿ ಇದ್ದು, ಅದು ಬರೀ ಸುತ್ತುಬಳಸು ಅನ್ನುವ ಕಾರಣಕ್ಕೆ ಈ ಹಕ್ಕು ಸಿಗೋದಿಲ್ಲ.

ಇನ್ನೊಂದು, ಬಳಕೆಯ ಹಕ್ಕು. ಕಲಂ 15ರ ಪ್ರಕಾರ 20 ವರ್ಷ ಬಹಿರಂಗವಾಗಿ, ಶಾಂತಿಯಿಂದ, ನಡುವೆ ತಡೆಯಿಲ್ಲದೆ, ಹಕ್ಕು ಅಂತಲೇ ಬಳಸಿದ್ದರೆ ಆ ದಾರಿ ಹಕ್ಕಾಗುತ್ತದೆ. ಸರ್ಕಾರಿ ಜಮೀನಾದರೆ 30 ವರ್ಷ.

"ಹೋಗಪಾ" ಅಂದಿದ್ದು ಹಕ್ಕಲ್ಲ

'ಹಕ್ಕು ಅಂತಲೇ' ಅನ್ನುವ ಮಾತಿನಲ್ಲಿ ಊರಿನ ಬದುಕು ಸಿಕ್ಕಿ ಬೀಳುತ್ತದೆ. "ಮಾಮಾ, ಈ ಸಲ ನಿಮ್ಮ ಹೊಲದಾಗ ಗಾಡಿ ಹಾಯಸ್ತೀನ್ರಿ" ಅಂತ ಕೇಳಿ, "ಹೋಗಪಾ, ಯಾರ್ ಬ್ಯಾಡ ಅಂತಾರ" ಅಂತ ಅವರು ಹೇಳಿ, ಹೀಗೇ ಮೂವತ್ತು ವರ್ಷ ಹೋದರೂ ಕಾನೂನಿನ ಕಣ್ಣಿಗೆ ಅದು ಬರೀ ಅನುಮತಿ. ಮಾಮಾ ತೀರಿಕೊಂಡ ಮೇಲೆ ಮಗ, ಇಲ್ಲಾ ಹೊಲ ಕೊಂಡ ಹೊಸ ಮಾಲೀಕ ಬೇಡ ಅಂದರೆ ಮುಗಿಯಿತು. ಮರ್ಯಾದೆಯಿಂದ ಕೇಳಿ ಹೋದದ್ದೇ ಹಕ್ಕಿಗೆ ಅಡ್ಡ ಬರುತ್ತದೆ. ಹಾಗಂತ ಕೇಳದೆ ನುಗ್ಗಿದರೆ ಊರಿನಲ್ಲಿ ಬಾಳೋದು ಹೆಂಗ?

ಜಗಳ ಬಡಿದಾಟಕ್ಕೆ ಹೋಗುವ ಸ್ಥಿತಿ ಇದ್ದರೆ ತಹಶೀಲ್ದಾರರು ತಾಲೂಕು ದಂಡಾಧಿಕಾರಿಯಾಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 166ರಡಿ (ಹಿಂದಿನ ಸಿಆರ್‌ಪಿಸಿ 147) ವಿಚಾರಣೆ ಮಾಡಿ, ದಾರಿಗೆ ಅಡ್ಡಿ ಮಾಡಬಾರದು ಅಂತ ಆದೇಶಿಸಬಹುದು. ಆದರೆ ವರ್ಷವಿಡೀ ಬಳಸುವ ದಾರಿಯಾದರೆ ವರದಿ ಬರುವ ಹಿಂದಿನ ಮೂರು ತಿಂಗಳಲ್ಲಿ, ಸುಗ್ಗಿಗೆ ಮಾತ್ರ ಬಳಸುವ ದಾರಿಯಾದರೆ ಕಳೆದ ಸುಗ್ಗಿಯಲ್ಲಿ ಅದನ್ನು ಬಳಸಿರಬೇಕು. "ನೋಡೋಣ ತಗೋ" ಅಂತ ಎರಡು ವರ್ಷ ಸುಮ್ಮನೆ ಕೂತವರಿಗೆ ಈ ಬಾಗಿಲು ಮುಚ್ಚುತ್ತದೆ. ಹಕ್ಕಿನ ಕೊನೆಯ ತೀರ್ಮಾನ ಏನಿದ್ದರೂ ಸಿವಿಲ್ ಕೋರ್ಟಿನದು.

ಕೋರ್ಟಿನ ವಯಸ್ಸು, ಊರಿನ ವಯಸ್ಸು

ದಾವೆ ವರ್ಷಗಟ್ಟಲೆ ನಡೆಯುತ್ತದೆ. ಅಷ್ಟು ವರ್ಷ ಎರಡೂ ಮನೆಯವರು ಒಂದೇ ಗುಡಿಗೆ ಹೋಗಬೇಕು, ಒಂದೇ ಬಸ್ಸು ಹತ್ತಬೇಕು, ಸತ್ತರೆ ಹೆಗಲು ಕೊಡಬೇಕೋ ಬೇಡವೋ ಅಂತ ಯೋಚಿಸಬೇಕು. ಅದಕ್ಕೇ ಲೋಕ ಅದಾಲತ್ ಒಳ್ಳೆಯ ನಡುದಾರಿ. ಅಲ್ಲಿ ಇಬ್ಬರೂ ಒಪ್ಪಿ ಆದ ರಾಜಿಗೆ ಕೋರ್ಟ್ ಡಿಕ್ರಿಯಷ್ಟೇ ಬೆಲೆ ಇದೆ, ಅದರ ಮೇಲೆ ಅಪೀಲಿಲ್ಲ. ಮೂರು ಗುಂಟೆ ಬಿಟ್ಟವರಿಗೆ ಬೇರೆ ಬದುವಿನಲ್ಲಿ ಅಷ್ಟೇ ಜಾಗ ಕೊಡೋದು, ಇಲ್ಲಾ ಬೆಲೆ ಕಟ್ಟಿ ಕೊಡೋದು ಹೀಗೆ ಕೂತು ಮಾತಾಡಿದರೆ ದಾರಿ ಹುಟ್ಟುತ್ತದೆ. ಎಲ್ಲರೂ ಒಪ್ಪಿದರೆ ಗ್ರಾಮ ಪಂಚಾಯಿತಿಗೆ ಬೇಡಿಕೆ ಕೊಟ್ಟು ಹೊಲದ ರಸ್ತೆಗೆ ಗರಸು ಹಾಕಿಸಿಕೊಳ್ಳಲೂ ಪ್ರಯತ್ನಿಸಬಹುದು.

ಯಾವಾಗ ಬರೆಸಬೇಕು?

ಸಂಬಂಧ ಚಲೋ ಇದ್ದಾಗ. ಜಗಳ ಆದ ಮೇಲೆ ಯಾರೂ ಸಹಿ ಮಾಡೋದಿಲ್ಲ. ವಾಟ್ನಿ ಮಾಡುವಾಗ, ಹೊಲ ಕೊಳ್ಳುವಾಗ ನಾಲ್ಕು ಸಾಲು ಜಾಸ್ತಿ ಬರೆಸಿ: ಯಾವ ಹಿಸ್ಸಾದ ಯಾವ ಬದುವಿಗೆ ದಾರಿ, ಎಷ್ಟು ಅಡಿ ಅಗಲ, ಯಾವ ಹೊಲದವರೆಗೆ, ಟ್ರ್ಯಾಕ್ಟರ್ ಹಾಯಬಹುದೋ ಇಲ್ಲವೋ. ಕೈನಕ್ಷೆ ಹಚ್ಚಿ. ಸಬ್‌ರಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ.

"ನನ್ನ ಮ್ಯಾಲ ನಂಬಿಕಿ ಇಲ್ಲೇನು?" ಅಂತ ಅಣ್ಣ ಕೇಳಿಯೇ ಕೇಳುತ್ತಾನೆ. ಉತ್ತರ ಸರಳ: "ನಿನ್ನ ಮ್ಯಾಲ ನಂಬಿಕಿ ಐತಿ ಅಣ್ಣಾ. ನಾಳೆ ನಮ್ಮ ಮಕ್ಕಳು ಬಡಿದಾಡಬಾರದು ಅಂತ ಬರಸೋದು." ಮುಂದಿನ ಎಳ್ಳಅಮವಾಸ್ಯೆಗೆ ಹಿಂದಿನ ಹೊಲದವರು ಚರಗದ ಬುಟ್ಟಿ ಹೊತ್ತು ಹೋಗೋದೂ ಅದೇ ದಾರಿಯಲ್ಲಿ.