ಗಣಕಯಂತ್ರದ ಕಾಲಮೂಲ: ಆಯ್ಕೆಯ ತತ್ತ್ವ

ವಿದ್ಯಾಲಯದ ದಿನಚರಿಯು ಗಂಟೆಯ ನಾದವನ್ನು ಅವಲಂಬಿಸಿ ಸಾಗುತ್ತದೆಂಬುದನ್ನು ಅರಿಯದವರಿಲ್ಲ. ಆದರೆ ಆ ಒಂದು ನಾದದ ಹಿಂದೆ ಮೂರು ಬೇರೆ ಬೇರೆ ಕಾರ್ಯಗಳು ಅಡಗಿವೆ. ಈಗ ಎಷ್ಟು ಹೊತ್ತಾಯಿತೆಂದು ತಿಳಿಸುವುದು ಮೊದಲನೆಯದು. ಪರೀಕ್ಷೆ ಆರಂಭವಾಗಿ ಎಷ್ಟು ತಾಸು ಕಳೆಯಿತೆಂದು ಎಣಿಸುವುದು ಎರಡನೆಯದು. ಗೊತ್ತುಪಡಿಸಿದ ಕ್ಷಣ ಬಂದೊಡನೆ ಎಚ್ಚರಿಸುವುದು ಮೂರನೆಯದು. ಗೋಡೆಯ ಗಡಿಯಾರವು ಐದು ನಿಮಿಷ ಹಿಂದಿದೆಯೆಂದು ಪರೀಕ್ಷೆಯ ನಡುವೆ ಅದರ ಮುಳ್ಳನ್ನು ಮುಂದಕ್ಕೆ ಸರಿಸಿದರೆ ಗಡಿಯಾರವೇನೋ ಸರಿಯಾದೀತು. ಅದನ್ನೇ ನಂಬಿ ಬರೆಯುತ್ತಿರುವ ವಿದ್ಯಾರ್ಥಿಗಳು ಮಾತ್ರ ಐದು ನಿಮಿಷಗಳನ್ನು ಕಳೆದುಕೊಳ್ಳುತ್ತಾರೆ. ಇಂದು ಅನೇಕ ಪ್ರವೇಶ ಪರೀಕ್ಷೆಗಳು ಗಣಕಯಂತ್ರದ ಮುಂದೆಯೇ ನಡೆಯುತ್ತಿರುವುದರಿಂದ, ಯಂತ್ರದೊಳಗಿನ ಕಾಲಗಣನೆಯ ನ್ಯಾಯಾನ್ಯಾಯವು ಗ್ರಾಮೀಣ ವಿದ್ಯಾರ್ಥಿಯನ್ನೂ ಮುಟ್ಟುವ ವಿಷಯವಾಗಿದೆ.

ಗಣಕಯಂತ್ರದ ಸಕಲ ವ್ಯವಹಾರಗಳ ಮೇಲ್ವಿಚಾರಣೆ ನಡೆಸುವ ತಿರುಳು ತಂತ್ರಾಂಶಕ್ಕೆ ಕರ್ನೆಲ್ ಎಂದು ಹೆಸರು. ‘ಇಷ್ಟು ಹೊತ್ತಿನ ನಂತರ ಈ ಕೆಲಸವಾಗಲಿ’ ಎಂಬ ಕೋರಿಕೆಯನ್ನು ಅದು ಟೈಮರ್ ರೂಪದಲ್ಲಿ ನೆನಪಿಟ್ಟುಕೊಳ್ಳುತ್ತದೆ. ಆ ಟೈಮರುಗಳು ಯಾವ ಗಡಿಯಾರವನ್ನು ನಂಬಬೇಕೆಂಬುದೇ ಪ್ರಸ್ತುತ ವಿವೇಚನೆಯ ವಿಷಯ. ಇದಕ್ಕೆ ನಿದರ್ಶನವಾಗಿ ಲೀನಕ್ಸ್ ಕರ್ನೆಲನ್ನು ಆರಿಸಿಕೊಳ್ಳುವುದು ಯುಕ್ತ. ಏಕೆಂದರೆ ಅದರ ಮೂಲಪಾಠವು ಯಾರು ಬೇಕಾದರೂ ಓದುವಂತೆ ಮುಕ್ತವಾಗಿದೆ.

ಎರಡು ಬಗೆಯ ಕಾಲ

ತಿಳವಳ್ಳಿ, ಹಾನಗಲ್ಲ ಸೀಮೆಯ ಪ್ರಾಚೀನ ಶಾಸನಗಳಲ್ಲಿ ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರಗಳ ಉಲ್ಲೇಖವಿರುವುದು ಸುಪರಿಚಿತ ಸಂಗತಿ. ಘಟನೆಯನ್ನು ಜಗತ್ತಿನ ಕಾಲದೊಡನೆ ಜೋಡಿಸುವ ಕ್ರಮ ಅದು. ಗಳಿಗೆ ಬಟ್ಟಲಿನ ಕ್ರಮ ಬೇರೆ. ತಳದಲ್ಲಿ ಸಣ್ಣ ರಂಧ್ರವಿರುವ ಬಟ್ಟಲು ನೀರಿನಲ್ಲಿ ತೇಲುತ್ತ, ತುಂಬಿ ಮುಳುಗಿದಾಗ ಒಂದು ಗಳಿಗೆ, ಅಂದರೆ 24 ನಿಮಿಷ, ಕಳೆಯಿತೆಂದು ಲೆಕ್ಕ. ಅಂದು ಯಾವ ತಿಥಿಯೆಂಬುದು ಆ ಬಟ್ಟಲಿಗೆ ಗೊತ್ತಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇಲ್ಲ.

ಕರ್ನೆಲ್ ಸಹ ಈ ಎರಡನ್ನೂ ಪ್ರತ್ಯೇಕವಾಗಿ ಪಾಲಿಸುತ್ತದೆ. ಜಗತ್ತಿನ ಕಾಲವನ್ನು ಬೇಕೆಂದಾಗ ತಿದ್ದಬಹುದು. ಆದುದರಿಂದ ಅದು ಹಿಂದಕ್ಕೂ ಮುಂದಕ್ಕೂ ನೆಗೆಯಬಹುದು. ಏಕಮುಖ ಕಾಲವಾದರೋ ಎಂದೂ ಹಿಂದೆ ಸರಿಯದೆ ಮುಂದಕ್ಕೇ ಎಣಿಸುತ್ತ ಹೋಗುತ್ತದೆ. ವಾತಾನುಕೂಲಿ ದರ್ಜೆಯ ರೈಲು ಟಿಕೆಟಿನ ತತ್ಕಾಲ್ ಕಾಯ್ದಿರಿಸುವಿಕೆ ಬೆಳಿಗ್ಗೆ 10 ಗಂಟೆಗೆ ತೆರೆಯಬೇಕೆಂಬುದು ಜಗತ್ತಿನ ಕಾಲದ ಕೋರಿಕೆ. ಪರೀಕ್ಷೆಗೆ ಮೂರು ತಾಸು ಸಿಗಬೇಕೆಂಬುದು ಏಕಮುಖ ಕಾಲದ ಕೋರಿಕೆ.

ಈ ಎರಡರ ಹೊಂದಾಣಿಕೆ ತಪ್ಪಿದರೆ ಏನಾದೀತೆಂಬುದಕ್ಕೆ 2012ರ ಪ್ರಸಂಗವೊಂದು ಸಾಕ್ಷಿಯಾಗಿದೆ. ಆ ವರ್ಷದ ಜುಲೈ 1ರಂದು, ಭಾರತೀಯ ಕಾಲಮಾನ ಬೆಳಿಗ್ಗೆ 5-30ಕ್ಕೆ ಸರಿಯಾಗಿ ಮುನ್ನ, ಭೂಮಿಯ ಪರಿಭ್ರಮಣೆಗೆ ಸರಿಹೊಂದಿಸಲೆಂದು ಜಗತ್ತಿನ ಕಾಲಕ್ಕೆ ಒಂದು ಅಧಿಕ ಸೆಕೆಂಡನ್ನು ಸೇರಿಸಲಾಯಿತು. ಈ ತಿದ್ದುಪಡಿಯ ಸುದ್ದಿಯು ಅಂದಿನ ಲೀನಕ್ಸ್‌ನ ಟೈಮರ್ ವಿಭಾಗಕ್ಕೆ ಮುಟ್ಟಲಿಲ್ಲ. ಕೆಲವು ಟೈಮರುಗಳು ಅವಧಿಗೆ ಮೊದಲೇ ಮುಗಿದು, ಮತ್ತೆ ಮತ್ತೆ ಎಚ್ಚರಿಸುತ್ತ, ಪ್ರೊಸೆಸರುಗಳನ್ನು ವ್ಯರ್ಥವಾಗಿ ದುಡಿಸಿದವು. ಜಗತ್ತಿನ ಹಲವೆಡೆ ಸೇವೆಗಳು ಸ್ಥಗಿತಗೊಂಡವು. ದಿನಾಂಕವನ್ನು ಮತ್ತೊಮ್ಮೆ ನಮೂದಿಸಿದೊಡನೆ ಯಂತ್ರಗಳು ಶಾಂತವಾದವು.

ಯಂತ್ರದೊಳಗಿನ ಗಡಿಯಾರಗಳು

ಸಾಮಾನ್ಯ ಗಣಕಯಂತ್ರವೊಂದರಲ್ಲಿ ಗಡಿಯಾರಗಳು ಒಂದಲ್ಲ, ಹಲವು. ಚಿಕ್ಕ ಬ್ಯಾಟರಿಯ ಬಲದಿಂದ ಯಂತ್ರ ಆರಿದಾಗಲೂ ನಡೆಯುವ ಗಡಿಯಾರವು ಸೆಕೆಂಡಿಗೆ 32,768 ಸಲ ಕಂಪಿಸುವ ಸ್ಫಟಿಕವನ್ನು ಅವಲಂಬಿಸಿದೆ. ಆ ಸಂಖ್ಯೆಯನ್ನು ಹದಿನೈದು ಬಾರಿ ಅರ್ಧಿಸಿದರೆ ಸರಿಯಾಗಿ ಒಂದು ಉಳಿಯುತ್ತದೆ. ದಿನಾಂಕ ತಿಳಿಯಲು ಅದು ತಕ್ಕುದು. ಸೂಕ್ಷ್ಮ ಟೈಮರಿಗೆ ಸಾಲದು.

1981ರ ಐ.ಬಿ.ಎಂ. ಪಿ.ಸಿ.ಯೊಡನೆ ಬಂದ ಪಿ.ಐ.ಟಿ. ಎಂಬ ಟೈಮರ್ ಸಾಧನವು ಸೆಕೆಂಡಿಗೆ ಸುಮಾರು 11,93,182 ಎಣಿಕೆಗಳನ್ನು ಮಾಡುತ್ತದೆ. ಅನಂತರ ಬಂದ ಎ.ಸಿ.ಪಿ.ಐ. ಟೈಮರಿನ ವೇಗ 35,79,545. ಅದಕ್ಕೂ ಈಚಿನ ಎಚ್.ಪಿ.ಇ.ಟಿ.ಯ ವೇಗವು ಒಂದು ಕೋಟಿಗೆ ಕಡಿಮೆಯಿರಬಾರದೆಂಬ ನಿಯಮವಿದೆ. ಇವೆಲ್ಲ ಪ್ರೊಸೆಸರಿನ ಹೊರಗಿರುವುದರಿಂದ, ಒಂದೊಂದು ಸಲ ಓದುವುದಕ್ಕೂ ಪ್ರೊಸೆಸರು ಗಣನೀಯ ಹೊತ್ತು ಕಾಯಬೇಕಾಗುತ್ತದೆ.

1993ರಲ್ಲಿ ಪೆಂಟಿಯಂ ಪ್ರೊಸೆಸರಿನೊಳಗೇ ಟಿ.ಎಸ್.ಸಿ. ಎಂಬ 64 ಬಿಟ್‌ಗಳ ಕೌಂಟರು ಸೇರಿತು. ಅದು ಪ್ರೊಸೆಸರಿನ ಪ್ರತಿಯೊಂದು ಮಿಡಿತವನ್ನೂ ಎಣಿಸುತ್ತಿತ್ತು. ಓದುವ ವೆಚ್ಚವೂ ಅತ್ಯಲ್ಪ. ಇದಕ್ಕಿಂತ ಉತ್ತಮವಾದ ಕಾಲಮೂಲ ಬೇರಿಲ್ಲವೆಂದು ತೋರುವುದು ಸಹಜ.

ಸೂಕ್ಷ್ಮತೆಯೇ ವಿಶ್ವಾಸಾರ್ಹತೆಯಲ್ಲ

ಗಳಿಗೆ ಬಟ್ಟಲಿನ ರಂಧ್ರದಲ್ಲಿ ಕಸ ಸಿಕ್ಕಿದರೆ ಗಳಿಗೆಯೇ ಉದ್ದವಾಗುತ್ತದೆ. ಟಿ.ಎಸ್.ಸಿ.ಗೂ ಅಂಥದೇ ಗತಿ ಒದಗಿತು. ವಿದ್ಯುತ್ತನ್ನು ಉಳಿಸಲೆಂದು ಪ್ರೊಸೆಸರು ತನ್ನ ವೇಗವನ್ನು ತಗ್ಗಿಸಿದಾಗ ಎಣಿಕೆಯೂ ನಿಧಾನವಾಯಿತು. ಗಾಢ ನಿದ್ರಾಸ್ಥಿತಿಗೆ ಇಳಿದಾಗ ಎಣಿಕೆ ನಿಂತೇಹೋಯಿತು. ಒಂದಕ್ಕಿಂತ ಹೆಚ್ಚು ಪ್ರೊಸೆಸರುಗಳಿದ್ದಲ್ಲಿ ಒಂದರ ಎಣಿಕೆ ಮತ್ತೊಂದಕ್ಕೆ ಹೊಂದಲಿಲ್ಲ. ಒಂದು ಪ್ರೊಸೆಸರಿನಲ್ಲಿ ಆರಂಭವಾದ ಕೆಲಸವು ಇನ್ನೊಂದರಲ್ಲಿ ಮುಗಿದರೆ, ಆರಂಭಕ್ಕಿಂತ ಮೊದಲೇ ಮುಕ್ತಾಯವಾದಂತೆ ಲೆಕ್ಕ ಬರುವ ಸಂಭವವಿತ್ತು. ಈ ದೋಷಗಳನ್ನು ನೀಗಲು, ವೇಗ ಬದಲಾದರೂ ನಿದ್ರೆ ಬಂದರೂ ಸಮಗತಿಯಲ್ಲಿಯೇ ಎಣಿಸುವ ಟಿ.ಎಸ್.ಸಿ.ಯನ್ನು ತಯಾರಕರು ಮುಂದೆ ರೂಪಿಸಿದರು.

ಹೀಗೆ ಆಯ್ಕೆಯ ಮಾನದಂಡಗಳು ಸ್ಪಷ್ಟವಾಗುತ್ತವೆ. ಮೊದಲು ಸಮಗತಿ, ಎರಡನೆಯದಾಗಿ ಅಖಂಡತೆ, ಮೂರನೆಯದಾಗಿ ಎಲ್ಲ ಪ್ರೊಸೆಸರುಗಳಲ್ಲಿಯೂ ಒಮ್ಮತ. ಇವು ಮೂರೂ ಸಿದ್ಧಿಸಿದ ಮೇಲೆಯೇ ಸೂಕ್ಷ್ಮತೆಯನ್ನೂ ಓದುವ ವೆಚ್ಚವನ್ನೂ ಪರಿಗಣಿಸಬೇಕು. ಲೀನಕ್ಸ್ ತನ್ನ ಕಾಲಮೂಲಗಳಿಗೆ ಅಂಕಗಳನ್ನು ಕೊಡುತ್ತದೆ: ಟಿ.ಎಸ್.ಸಿ.ಗೆ 300, ಎಚ್.ಪಿ.ಇ.ಟಿ.ಗೆ 250, ಎ.ಸಿ.ಪಿ.ಐ. ಟೈಮರಿಗೆ 200. ಲಭ್ಯವಿರುವವುಗಳಲ್ಲಿ ಹೆಚ್ಚು ಅಂಕದ್ದನ್ನು ಆರಿಸಿಕೊಳ್ಳುತ್ತದೆ.

ಆದರೆ ಅಂಕ ಕೊಟ್ಟು ಅದು ಸುಮ್ಮನಾಗುವುದಿಲ್ಲ. ಟಿ.ಎಸ್.ಸಿ.ಯ ಮೇಲೆ ಅನುಮಾನಕ್ಕೆ ಆಸ್ಪದವಿರುವ ಯಂತ್ರಗಳಲ್ಲಿ, ಎಚ್.ಪಿ.ಇ.ಟಿ.ಯಂಥ ನಿಧಾನದ ಗಡಿಯಾರವನ್ನು ಕಾವಲಿಗಿರಿಸಿ ಅರ್ಧ ಸೆಕೆಂಡಿಗೊಮ್ಮೆ ಎರಡನ್ನೂ ಹೋಲಿಸುತ್ತದೆ. ವ್ಯತ್ಯಾಸ ಮಿತಿ ಮೀರಿದರೆ ಟಿ.ಎಸ್.ಸಿ.ಯನ್ನು ‘ಅಸ್ಥಿರ’ವೆಂದು ಘೋಷಿಸಿ, ಮತ್ತೊಂದನ್ನು ಅದರ ಸ್ಥಾನದಲ್ಲಿ ಕೂರಿಸುತ್ತದೆ. ಕಾವಲುಗಾರನೂ ದೋಷಾತೀತನಲ್ಲ. ಕೆಲವು ಲ್ಯಾಪ್‌ಟಾಪುಗಳಲ್ಲಿ ಗಾಢ ನಿದ್ರೆಯ ವೇಳೆ ಎಚ್.ಪಿ.ಇ.ಟಿ.ಯ ಗತಿಯೇ ಕೆಡುವುದು ಕಂಡುಬಂದು, ಅಲ್ಲಿ ಅದನ್ನು ಕೈಬಿಡಬೇಕಾಯಿತು.

ಎಣಿಸುವವನು ಬೇರೆ, ಎಬ್ಬಿಸುವವನು ಬೇರೆ

ಟೈಮರಿಗೆ ಎಣಿಕೆಯೊಂದೇ ಸಾಲದು. ಹೊತ್ತು ಬಂದಾಗ ಎಬ್ಬಿಸುವ ಸಾಧನವೂ ಬೇಕು. ಹಿಂದೆ ಕರ್ನೆಲ್ ಸೆಕೆಂಡಿಗೆ 100 ಬಾರಿ ಎಚ್ಚರಗೊಂಡು ಟೈಮರುಗಳನ್ನು ನೋಡುತ್ತಿತ್ತು. ಹತ್ತು ಮಿಲಿಸೆಕೆಂಡಿಗಿಂತ ಸೂಕ್ಷ್ಮವಾದ ಎಚ್ಚರ ಆಗ ಸಾಧ್ಯವಿರಲಿಲ್ಲ. 2007ರಲ್ಲಿ ಹೊರಬಂದ ಲೀನಕ್ಸ್ 2.6.21ರಲ್ಲಿ ಎಬ್ಬಿಸುವ ಸಾಧನಗಳಿಗಾಗಿಯೇ ಪ್ರತ್ಯೇಕ ವ್ಯವಸ್ಥೆ ಸೇರಿತು. ಮುಂದಿನ ಟೈಮರ್ ಯಾವಾಗಲೋ ಆಗ ಮಾತ್ರ ಎಬ್ಬಿಸಿದರೆ ಸಾಕೆಂಬ ಕ್ರಮ ಅದರಿಂದ ಸಾಧ್ಯವಾಯಿತು. ವಿದ್ಯುತ್ತಿನ ಉಳಿತಾಯವೂ ಆಯಿತು. ಪ್ರತಿ ಪ್ರೊಸೆಸರಿನ ಸ್ವಂತ ಟೈಮರು ಈ ಕೆಲಸಕ್ಕೆ ಯೋಗ್ಯವಾದರೂ, ಹಳೆಯ ಪ್ರೊಸೆಸರುಗಳಲ್ಲಿ ಅದು ಒಡೆಯನೊಡನೆ ತಾನೂ ನಿದ್ರಿಸುತ್ತಿದ್ದುದರಿಂದ, ಹೊರಗಿನ ಎಚ್.ಪಿ.ಇ.ಟಿ. ಅಥವಾ ಪಿ.ಐ.ಟಿ.ಯೇ ಎಬ್ಬಿಸುವ ಹೊಣೆ ಹೊರಬೇಕಾಯಿತು.

ಆಗಸದಲ್ಲಿಯೂ ಇದೇ ಪಾಠ

ಕಾಲಮೂಲದ ಆಯ್ಕೆ ಎಷ್ಟು ಗುರುತರವೆಂಬುದನ್ನು ನಮ್ಮ ನಾಡಿನ ಅನುಭವವೂ ತೋರಿಸುತ್ತದೆ. ಬೆಂಗಳೂರು ಸಮೀಪದ ಬ್ಯಾಲಾಳುವಿನಲ್ಲಿ 2013ರ ಮೇ 28ರಂದು ಇಸ್ರೊ ಸಂಸ್ಥೆಯ ಪಥದರ್ಶನ ಕೇಂದ್ರ ಉದ್ಘಾಟನೆಗೊಂಡಿತು. ಭಾರತೀಯ ಪಥದರ್ಶಕ ಉಪಗ್ರಹ ವ್ಯವಸ್ಥೆಯ ಕಾಲವನ್ನು ಅಲ್ಲಿ ಒಂದೇ ಗಡಿಯಾರದಿಂದಲ್ಲ, ಪರಮಾಣು ಗಡಿಯಾರಗಳ ಸಮೂಹದಿಂದ ನಿರ್ಣಯಿಸಲಾಗುತ್ತದೆ. ಬೆಳಕು ಒಂದು ಮೈಕ್ರೋಸೆಕೆಂಡಿನಲ್ಲಿ 300 ಮೀಟರು ಸಾಗುವುದರಿಂದ, ಅಷ್ಟು ಅಲ್ಪ ಕಾಲದ ತಪ್ಪು ಸಹ ದೂರದ ಲೆಕ್ಕದಲ್ಲಿ 300 ಮೀಟರಿನ ತಪ್ಪಾಗುತ್ತದೆ. ಅದೇ ವರ್ಷದ ಜುಲೈ 1ರಂದು ಉಡಾವಣೆಗೊಂಡ ಮೊದಲ ಉಪಗ್ರಹದಲ್ಲಿ ಮೂರು ರುಬಿಡಿಯಂ ಗಡಿಯಾರಗಳಿದ್ದವು. ಮೂರೂ ಕೆಟ್ಟುಹೋದಾಗ ಉಪಗ್ರಹವು ಆಗಸದಲ್ಲಿದ್ದೂ ಪಥದರ್ಶನಕ್ಕೆ ಒದಗದಾಯಿತು. 2023ರ ಮೇ 29ರಂದು ಏರಿದ ಎನ್.ವಿ.ಎಸ್.-01 ಉಪಗ್ರಹವು ಸ್ವದೇಶಿ ರುಬಿಡಿಯಂ ಗಡಿಯಾರವನ್ನು ಹೊತ್ತೊಯ್ದುದು ಅಭಿಮಾನದ ಸಂಗತಿ.

ಉಪಸಂಹಾರ

ಸಾಧಾರಣ ಸ್ಫಟಿಕ ಗಡಿಯಾರವೊಂದು ಹತ್ತು ಲಕ್ಷಕ್ಕೆ ಇಪ್ಪತ್ತು ಪಾಲು ತಪ್ಪಿದರೂ ದಿನಕ್ಕೆ ಸುಮಾರು 1.7 ಸೆಕೆಂಡು ವ್ಯತ್ಯಾಸ ಬರುತ್ತದೆ. ತಪ್ಪದ ಗಡಿಯಾರವನ್ನು ಅರಸುವುದು ಕರ್ನೆಲ್ ಬರೆಯುವವರ ಗುರಿಯಲ್ಲ. ಯಾವ ಕೆಲಸಕ್ಕೆ ಯಾವ ಕಾಲ ಬೇಕೆಂದು ವಿಂಗಡಿಸುವುದು, ವೇಗಕ್ಕಿಂತ ಸಮಗತಿಗೆ ಮನ್ನಣೆ ಕೊಡುವುದು, ನಂಬಿದ್ದನ್ನೂ ಮತ್ತೊಂದರಿಂದ ಪರೀಕ್ಷಿಸುತ್ತಿರುವುದು, ಇವೇ ಅವರ ಕರ್ತವ್ಯ. ಭೌತಶಾಸ್ತ್ರದ ತರಗತಿಯಲ್ಲಿ ಲೋಲಕದ ಆಂದೋಲನಗಳನ್ನು ಎಣಿಸುವ ಬಾಲಕ ಬಾಲಕಿಯರಿಗೆ ಈ ಮೂರು ಮಾತುಗಳನ್ನು ಅಂದೇ ತಿಳಿಹೇಳಿದರೆ, ಮುಂದೆ ಅವರಲ್ಲಿ ಯಾರಾದರೂ ಕರ್ನೆಲ್ ಬರೆಯುವ ದಿನ ಬಂದಾಗ, ಅವರ ಯಂತ್ರದೆದುರು ಪರೀಕ್ಷೆಗೆ ಕುಳಿತವರ ಒಂದು ನಿಮಿಷವೂ ಅನ್ಯಾಯವಾಗಿ ಕಳೆಯಲಾರದು.