ಬಿರುಗಾಳಿಗೆ ಬೀಳೋದು ಉಪಗ್ರಹವಲ್ಲ, ನೆಲದ ಮೇಲಿನ ಪೆಟ್ಟಿಗೆ

2021ರ ಆಗಸ್ಟ್ 29. ಅಮೆರಿಕದ ಲೂಸಿಯಾನಾ ರಾಜ್ಯದ ಕರಾವಳಿಗೆ ‘ಐಡಾ’ ಚಂಡಮಾರುತ ಅಪ್ಪಳಿಸಿತು. ಗಾಳಿಯ ವೇಗ ಗಂಟೆಗೆ ಸುಮಾರು 240 ಕಿ.ಮೀ. ನ್ಯೂ ಆರ್ಲಿಯನ್ಸ್ ನಗರಕ್ಕೆ ಕರೆಂಟ್ ತರುವ ಎಂಟೂ ದೊಡ್ಡ ಲೈನ್‌ಗಳು ಬಂದ್ ಆದವು. ಹಾನಿಯಾದ ಜಿಲ್ಲೆಗಳಲ್ಲಿ ಅರ್ಧದಷ್ಟು ಮೊಬೈಲ್ ಟವರ್‌ಗಳು ಸತ್ತವು. ಕಬ್ಬಿನ ಬೆಳೆ ನೆಲಕ್ಕೆ ಮಲಗಿತು.

ಅಲ್ಲಿ ಕಬ್ಬು ನಾಟಿ ಮಾಡೋದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಸೆಪ್ಟೆಂಬರ್ ಕೊನೆಗೆ ಕಟಾವು ಶುರು. ಚಂಡಮಾರುತಗಳ ಕಾಲವೂ ಅದೇ! ಟ್ರ್ಯಾಕ್ಟರ್ ಸಾಲು ತಪ್ಪದಂತೆ ನಡೆಸಲು ಅಲ್ಲಿನ ರೈತರು ಉಪಗ್ರಹದ ಸಂಕೇತ ಬಳಸ್ತಾರೆ. ಕರೆಂಟ್, ಟವರ್ ಎರಡೂ ಹೋದ ಮೇಲೆ ಆ ಸಾಲಿನ ಗತಿ ಏನು? ಆರ್‌ಟಿಕೆ ಡ್ರೋನ್, ಆಟೊ ಸ್ಟೀರಿಂಗ್ ಬಳಸುವ ನಮ್ಮ ಹುಡುಗರೂ ಇದನ್ನು ತಿಳಿದಿರಬೇಕು.

ಸೆಂಟಿಮೀಟರ್ ಲೆಕ್ಕ ಬರೋದು ನೆಲದಿಂದ

ನಿಮ್ಮ ಫೋನಿನ ಜಿಪಿಎಸ್ ಬಯಲಲ್ಲಿ ನಿಂತರೂ ಮೂರರಿಂದ ಐದು ಮೀಟರ್ ಆಚೀಚೆ ತೋರಿಸುತ್ತೆ. ಕಬ್ಬಿನ ಸಾಲಿಗೆ ಅದು ಸಾಲದು. ಅದಕ್ಕೇ ಆರ್‌ಟಿಕೆ. ಗೊತ್ತಿರುವ ಜಾಗದಲ್ಲಿ ಒಂದು ಆಂಟೆನಾ ಗಟ್ಟಿಯಾಗಿ ನಿಲ್ಲಿಸಿರ್ತಾರೆ. ಉಪಗ್ರಹದ ಲೆಕ್ಕದಲ್ಲಿ ಎಷ್ಟು ತಪ್ಪಿದೆ ಅಂತ ಅದು ಕ್ಷಣಕ್ಷಣಕ್ಕೂ ಹಿಡಿದು, ಮೊಬೈಲ್ ಇಂಟರ್ನೆಟ್ ಅಥವಾ ರೇಡಿಯೊ ಮೂಲಕ ನಿಮ್ಮ ಟ್ರ್ಯಾಕ್ಟರಿಗೆ ತಿದ್ದುಪಡಿ ಕಳಿಸುತ್ತೆ. ಆಗ ತಪ್ಪು ಎರಡು ಮೂರು ಸೆಂಟಿಮೀಟರಿಗೆ ಇಳಿಯುತ್ತೆ.

ಜಿಪಿಎಸ್ ಉಪಗ್ರಹಗಳು ಇರೋದು ಸುಮಾರು 20,200 ಕಿ.ಮೀ. ಎತ್ತರದಲ್ಲಿ. ಗಾಳಿ, ಮಳೆ ಅವುಗಳಿಗೆ ತಾಗಲ್ಲ. ಕೈಕೊಡೋದು ಕೆಳಗಿರುವ ಪೆಟ್ಟಿಗೆ, ಅದರ ಕರೆಂಟ್, ಅದರ ನೆಟ್‌ವರ್ಕ್.

ಲೂಸಿಯಾನಾದಲ್ಲಿ ಇಂಥ ಸ್ಟೇಷನ್‌ಗಳ ಜಾಲವನ್ನು ಅಲ್ಲಿನ ಸ್ಟೇಟ್ ಯೂನಿವರ್ಸಿಟಿಯ ಒಂದು ಕೇಂದ್ರ ನಡೆಸುತ್ತೆ. ಹೆಸರು ಗಲ್ಫ್‌ನೆಟ್. ಚಂಡಮಾರುತ ಬರುವ ಕಡೆ ಇಂಥ ಜಾಲ ಉಳೀಬೇಕಾದರೆ ಬೇಕಾಗೋದು ಇಷ್ಟು:

• ಆಂಟೆನಾ ಗಟ್ಟಿ ಕಾಂಕ್ರೀಟ್ ಕಂಬ ಅಥವಾ ಭದ್ರ ಕಟ್ಟಡಕ್ಕೆ ಕಚ್ಚಿರಬೇಕು. ರಿಸೀವರ್ ಮತ್ತು ಬ್ಯಾಟರಿ ಪ್ರವಾಹದ ನೀರು ಮುಟ್ಟದ ಎತ್ತರದಲ್ಲಿರಬೇಕು.
• ಕರೆಂಟ್ ಹೋದರೆ ಬ್ಯಾಟರಿ, ಬ್ಯಾಟರಿ ತುಂಬಿಸಲು ಸೋಲಾರ್. ಕರೆಂಟ್ ಬರೋಕೆ ವಾರಗಟ್ಟಲೆ ಹಿಡಿಯಬಹುದು, ಒಂದು ದಿನದ ಬ್ಯಾಕಪ್ ಸಾಕಾಗಲ್ಲ.
• ಡೇಟಾ ಹೋಗಲು ಎರಡು ದಾರಿ. ಒಂದು ಕಂಪನಿಯ ಟವರ್ ಬಿದ್ದರೆ ಇನ್ನೊಂದು ನಡೀಬೇಕು.
• ನೆಟ್‌ವರ್ಕ್ ಪೂರ್ತಿ ಹೋದರೂ ರಿಸೀವರ್ ತನ್ನೊಳಗೇ ಡೇಟಾ ಉಳಿಸಿಕೊಳ್ಳಬೇಕು. ಡ್ರೋನ್ ಸರ್ವೆಯನ್ನು ಆಮೇಲೆ ಆ ಡೇಟಾ ಇಟ್ಟುಕೊಂಡು ತಿದ್ದಬಹುದು.
• ಸ್ಟೇಷನ್‌ಗಳು ಒಂದಕ್ಕೊಂದು ಹತ್ತಿರ ಇರಬೇಕು. ಸ್ಟೇಷನ್ ದೂರವಾದಂತೆ ಪ್ರತಿ 10 ಕಿ.ಮೀ.ಗೆ ಸುಮಾರು 1 ಸೆಂ.ಮೀ. ತಪ್ಪು ಸೇರುತ್ತೆ.

ಸತ್ತ ಸ್ಟೇಷನ್‌ಗಿಂತ ಸರಿದ ಸ್ಟೇಷನ್ ಅಪಾಯ

ಸ್ಟೇಷನ್ ಬಂದ್ ಆದರೆ ಪರದೆ ಹೇಳುತ್ತೆ, ನೀವು ನಿಲ್ತೀರಿ. ಆದರೆ ಗಾಳಿಗೆ ಕಂಬ ಹತ್ತು ಸೆಂಟಿಮೀಟರ್ ವಾಲಿದರೆ? ಪರದೆ ಮೇಲೆ ‘ಫಿಕ್ಸ್’ ಅಂತಲೇ ಬರುತ್ತೆ. ಲೆಕ್ಕ ಮಾತ್ರ ಹತ್ತು ಸೆಂಟಿಮೀಟರ್ ತಪ್ಪು.

ಕಬ್ಬಿಗೆ ಇದು ಸಣ್ಣ ವಿಷಯ ಅಲ್ಲ. ಒಮ್ಮೆ ನಾಟಿ ಮಾಡಿದರೆ ಕೂಳೆ ಬೆಳೆ ಸೇರಿ ಮೂರು ನಾಲ್ಕು ವರ್ಷ ಅದೇ ಸಾಲು. ನಾಟಿ ದಿನ ಉಳಿಸಿಟ್ಟ ಗೆರೆ ಮೇಲೇ ಗೊಬ್ಬರ, ಕಳೆ, ಕಟಾವು ಎಲ್ಲಾ ನಡೀಬೇಕು. ಗೆರೆ ಸರಿದರೆ ಚಕ್ರ ಕೂಳೆ ಮೇಲೇ ಹತ್ತುತ್ತೆ, ಮುಂದಿನ ವರ್ಷದ ಇಳುವರಿ ಅಲ್ಲೇ ಹೋಯ್ತು.

ಲೂಸಿಯಾನಾದಲ್ಲಿ ಇನ್ನೊಂದು ತಲೆನೋವು ಇದೆ. ಅಲ್ಲಿನ ಕರಾವಳಿಯ ನೆಲವೇ ಕುಸೀತಾ ಇದೆ. 1932ರಿಂದ 2016ರ ಒಳಗೆ ಸುಮಾರು 4,800 ಚದರ ಕಿ.ಮೀ. ಭೂಮಿ ನೀರುಪಾಲಾಗಿದೆ. ನೆಲ ಕುಸಿದರೆ ಮೇಲಿನ ಆಂಟೆನಾವೂ ಕುಸಿಯುತ್ತೆ. ಹಾಗಾಗಿ ಸ್ಟೇಷನ್ ಕಟ್ಟಿ ಮರೆತರೆ ಆಗಲ್ಲ. ಅದರ ಎತ್ತರ, ಜಾಗವನ್ನು ಮತ್ತೆ ಮತ್ತೆ ಅಳೀತಾ ಇರಬೇಕು.

ನಾವು ಮಾಡಬಹುದಾದ್ದು

ಭಾರತೀಯ ಸರ್ವೇಕ್ಷಣಾ ಇಲಾಖೆಯೂ ದೇಶದಲ್ಲಿ ಇಂಥ ಸಾವಿರದಷ್ಟು ಸ್ಟೇಷನ್ ನಿಲ್ಲಿಸಿದೆ, ಕರ್ನಾಟಕದಲ್ಲೂ ಇವೆ. 2021ರ ಮೇನಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯನ್ನೂ ತಟ್ಟಿತ್ತು. ಸ್ಟೇಷನ್ ನೋಡಿಕೊಳ್ಳೋದು ಇಲಾಖೆ ಕೆಲಸ. ಹೊಲದಲ್ಲಿ ಪರೀಕ್ಷೆ ಮಾಡೋದು ನಮ್ಮ ಕೆಲಸ.

1. ಹೊಲದ ಮೂಲೆಯಲ್ಲಿ ಅಲುಗಾಡದ ಒಂದು ಕಲ್ಲು ಹೂತು, ಅದರ ತಲೆ ಮೇಲೆ ಗುರುತು ಮಾಡಿ. ಎಲ್ಲ ಸರಿ ಇರುವ ದಿನ ಅದರ ಮೇಲೆ ರೀಡಿಂಗ್ ತಗೊಂಡು ಬರೆದಿಡಿ, ಫೋಟೊ ತೆಗೆದಿಡಿ.
2. ಗಾಳಿಮಳೆ ನಿಂತ ಮೇಲೆ ಕೆಲಸಕ್ಕೆ ಇಳಿಯುವ ಮುಂಚೆ ಅದೇ ಕಲ್ಲಿನ ಮೇಲೆ ಮತ್ತೆ ರೀಡಿಂಗ್ ತಗೊಳ್ಳಿ. ಐದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಆಟೊ ಸ್ಟೀರಿಂಗ್ ಆನ್ ಮಾಡಬೇಡಿ.
3. ಪರದೆಯಲ್ಲಿ ‘ಫ್ಲೋಟ್’ ಅಂತ ಇದ್ದರೆ ಸೆಂಟಿಮೀಟರ್ ಲೆಕ್ಕ ಸಿಕ್ಕಿಲ್ಲ ಅಂತಲೇ ಅರ್ಥ. ಕಾಯಿರಿ.
4. ಸ್ವಂತ ಬೇಸ್ ಇಟ್ಟುಕೊಂಡಿದ್ದರೆ ಪ್ರತಿ ಸಲ ಅದೇ ಜಾಗ, ಅದೇ ಅಂಕಿ ಹಾಕಿ. ‘ಈಗಿರುವ ಜಾಗ ತಗೋ’ ಅಂತ ಒತ್ತಿದರೆ ಪ್ರತಿ ಸಲ ಮೀಟರ್ ಲೆಕ್ಕದಲ್ಲಿ ಬೇರೆ ಬರಬಹುದು.
5. ಗೆರೆಗಳ ಫೈಲ್, ಬೇಸಿನ ಅಂಕಿ ಎರಡನ್ನೂ ಪೆನ್‌ಡ್ರೈವ್‌ನಲ್ಲಿ ಇಡಿ. ನೆಟ್ ಇಲ್ಲದ ದಿನ ಕ್ಲೌಡ್ ಕೈಗೆ ಸಿಗಲ್ಲ.

ಕಲ್ಲು ಹೂಳೋಕೆ ಅರ್ಧ ಗಂಟೆ ಸಾಕು. ಈ ಮಳೆಗಾಲಕ್ಕೆ ಮುಂಚೆ ಮುಗಿಸಿಬಿಡಿ.