ಲ್ಯಾಬಿನ ತಟ್ಟೆಯಲ್ಲಿ ಸತ್ತ ವೈರಸ್ ಮೈಯಲ್ಲೂ ಸಾಯುತ್ತದೆಯೇ?

“ಹಾವಿನ ತಲಿ-ಬಾಲ ಕೂಡಿದ್ರ ಮನಷ್ಯಾ ಉಳಿಯಂಗಿಲ್ಲ.”

ಕುಂದಗೋಳ ಸೀಮೆಯಲ್ಲಿ ಯಾರಿಗಾದರೂ ಸರ್ಪಸುತ್ತು ಎದ್ದರೆ ಮೊದಲು ಕೇಳಿಬರುವ ಮಾತು ಇದು. ನಮ್ಮ ಸೋದರತ್ತೆಯ ಬಲಪಕ್ಕೆಯಲ್ಲಿ ಗುಳ್ಳೆ ಎದ್ದಾಗಲೂ ಮನೆಯವರು ಇದನ್ನೇ ಹೇಳಿ ಹೆದರಿದರು. ಕೆಮ್ಮಣ್ಣು ಹಚ್ಚಿಸಿ, ಮಂತ್ರ ಹಾಕಿಸಿ, ಒಂಬತ್ತು ದಿನ ಕಳೆದ ಮೇಲೆ ಹುಬ್ಬಳ್ಳಿಗೆ ಕರೆದೊಯ್ದರು. ಗುಳ್ಳೆ ಒಣಗಿದವು, ಉರಿ ಹೋಗಲಿಲ್ಲ. ಮುಂದೆ ಏಳೆಂಟು ತಿಂಗಳು ಕುಬಸದ ಬಟ್ಟೆ ತಾಗಿದರೂ ಅವರ ಕಣ್ಣಲ್ಲಿ ನೀರು ಬರುತ್ತಿತ್ತು. ಆ ಒಂಬತ್ತು ದಿನಗಳ ಬಗ್ಗೆ ನನಗೆ ಇಂದಿಗೂ ಸಂಕಟವಿದೆ.

ಸರ್ಪಸುತ್ತಿಗೂ ಸರ್ಪಕ್ಕೂ ಸಂಬಂಧವಿಲ್ಲ. ಚಿಕ್ಕಂದಿನಲ್ಲಿ ‘ಅಮ್ಮ ಬಂದಾಳ’ ಎಂದು ಬೇವಿನ ತಪ್ಪಲು ಕಟ್ಟುತ್ತೇವಲ್ಲ, ಆ ಸೀತಾಳ ಸಿಡುಬಿನ ವೈರಸ್ಸೇ ಬೆನ್ನುಹುರಿಯ ಪಕ್ಕದ ನರದ ಬುಡದಲ್ಲಿ ಹತ್ತಾರು ವರ್ಷ ಅಡಗಿ ಕುಳಿತಿದ್ದು, ಮೈಯ ಶಕ್ತಿ ಕುಂದಿದಾಗ ಎಚ್ಚರಗೊಳ್ಳುತ್ತದೆ. ಒಂದೊಂದು ನರವೂ ಮೈಯ ಒಂದೇ ಮಗ್ಗುಲನ್ನು ನೋಡಿಕೊಳ್ಳುವುದರಿಂದ ಗುಳ್ಳೆಗಳ ಸಾಲು ಸಾಮಾನ್ಯವಾಗಿ ನಡುಗೆರೆಯ ಹತ್ತಿರ ನಿಂತುಬಿಡುತ್ತದೆ. ಮಂತ್ರ ಹಾಕಿಸಿದರೂ ಬಿಟ್ಟರೂ ಎರಡು ಮೂರು ವಾರಕ್ಕೆ ಗುಳ್ಳೆ ಒಣಗುತ್ತವೆ. ಮಂತ್ರದ ಹೆಸರು ಉಳಿದುಕೊಂಡು ಬಂದಿರುವುದು ಹೀಗೆ.

“ವೈರಸ್ಸಿಗೆ ಔಷಧನ ಇಲ್ಲಂತ, ಡಾಕ್ಟರ್ ಕಡೆ ಹೋಗಿ ಏನ್ ಮಾಡೂದು?”

ಕೊರೊನಾ ಕಾಲದಲ್ಲಿ ಈ ಮಾತು ಊರೂರಿಗೆ ಹಬ್ಬಿತು. ಸಾಮಾನ್ಯ ನೆಗಡಿ, ಡೆಂಗಿ, ಚಿಕೂನ್‌ಗುನ್ಯಾ ಮಟ್ಟಿಗೆ ವೈರಸ್ಸನ್ನೇ ತಡೆಯುವ ಔಷಧವಿಲ್ಲ ಎಂಬುದು ಇಂದಿಗೂ ನಿಜ. ಎಲ್ಲ ವೈರಸ್ಸಿಗೂ ನಿಜವಲ್ಲ. ಹೆಪಟೈಟಿಸ್-ಸಿ ಇದ್ದ ಬಹುಪಾಲು ಜನರನ್ನು ಈಗ 12 ವಾರದ ಗುಳಿಗೆಗಳಿಂದ ಪೂರ್ತಿ ಗುಣಪಡಿಸಬಹುದು. ಎಚ್‌ಐವಿ ಇರುವವರು ದಿನದ ಗುಳಿಗೆ ತಪ್ಪಿಸದೆ ನುಂಗಿ ಮಕ್ಕಳು ಮೊಮ್ಮಕ್ಕಳನ್ನು ಕಾಣುತ್ತಿದ್ದಾರೆ.

ಸರ್ಪಸುತ್ತಿಗೆ ಅಸೈಕ್ಲೋವಿರ್ ಇದೆ. ಅದು ಕೆಲಸ ಮಾಡುವ ಬಗೆ ನನಗೆ ಬಹಳ ಹಿಡಿಸುತ್ತದೆ. ವೈರಸ್ ತನ್ನ ಡಿಎನ್‌ಎ ಸರಪಳಿ ಕಟ್ಟಿಕೊಳ್ಳಲು ಬಳಸುವ ಒಂದು ಕೊಂಡಿಯಂತೆಯೇ ಕಾಣುವ ರಾಸಾಯನಿಕ ಇದು. ಮೈಗೆ ಹೋದ ಅಸೈಕ್ಲೋವಿರ್ ಸುಮ್ಮನೆ ಮಲಗಿರುತ್ತದೆ. ಅದನ್ನು ಎಬ್ಬಿಸುವುದು ವೈರಸ್ಸಿನದೇ ಒಂದು ಕಿಣ್ವ. ಎದ್ದ ಮೇಲೆ ಸರಪಳಿಗೆ ಸೇರಿಕೊಳ್ಳುತ್ತದೆ, ಆದರೆ ಮುಂದಿನ ಕೊಂಡಿ ಸಿಕ್ಕಿಸಲು ಅದರಲ್ಲಿ ಜಾಗವೇ ಇಲ್ಲ. ಸರಪಳಿ ಅಲ್ಲಿಗೇ ನಿಲ್ಲುತ್ತದೆ. ವೈರಸ್ ಹೊಗದ ಜೀವಕೋಶದಲ್ಲಿ ಅದನ್ನು ಎಬ್ಬಿಸುವವರಿಲ್ಲ, ಹಾಗಾಗಿ ಆ ಕೋಶಕ್ಕೆ ಧಕ್ಕೆ ಕಡಿಮೆ. ಈ ಗುಟ್ಟನ್ನು ಬಿಡಿಸಿದವರಲ್ಲಿ ಪ್ರಮುಖರಾದ ಗರ್ಟ್ರೂಡ್ ಎಲಿಯನ್ ಅವರಿಗೆ 1988ರಲ್ಲಿ ನೊಬೆಲ್ ಬಂತು. ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುಮಾಡಿದರೆ ಈ ಗುಳಿಗೆಯ ಪ್ರಯೋಜನ ಹೆಚ್ಚು. ನಮ್ಮ ಅತ್ತೆಗೆ ಆ ಮೂರು ದಿನ ಮಂತ್ರದಲ್ಲಿ ಹೋದವು.

“ಒಂದು ಸಲಾಯಿನ್ ಹಚ್ಚಿ, ಭಾರಿ ಆ್ಯಂಟಿಬಯಾಟಿಕ್ ಕೊಡ್ರಿ.”

ಆ್ಯಂಟಿಬಯಾಟಿಕ್ ಇರುವುದು ಬ್ಯಾಕ್ಟೀರಿಯಾಕ್ಕೆ. ವೈರಸ್ಸಿಗೆ ಅದು ತಾಗುವುದಿಲ್ಲ.

“ಲ್ಯಾಬಿನ್ಯಾಗ ವೈರಸ್ ಸತ್ತೈತಿ ಅಂತ ಪೇಪರಿನ್ಯಾಗ ಬಂದೈತಿ, ಇನ್ನೇನ್ ಬೇಕು?”

ಓದಿದವರನ್ನೂ ಹಿಡಿದಿರುವ ನಂಬಿಕೆ ಇದು. ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಲ್ಯಾಬಿನಲ್ಲಿ ನಡೆಯುವುದು ಹೀಗೆ. ಅಂಗೈ ಅಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ ಪಡ್ಡಿನ ಹಂಚಿನಂತೆ 96 ಪುಟ್ಟ ಗುಳಿಗಳು. ಪ್ರತಿ ಗುಳಿಯಲ್ಲಿ ಜೀವಕೋಶಗಳ ತೆಳು ಪದರ. ಹೆಚ್ಚಾಗಿ ಬಳಸುವುದು ‘ವೆರೊ’ ಕೋಶಗಳನ್ನು. 1962ರಲ್ಲಿ ಜಪಾನಿನಲ್ಲಿ ಆಫ್ರಿಕಾದ ಹಸಿರು ಕೋತಿಯ ಮೂತ್ರಪಿಂಡದಿಂದ ತೆಗೆದ ಕೋಶಗಳ ವಂಶ ಅದು, ಇನ್ನೂ ಬೆಳೆಯುತ್ತಲೇ ಇದೆ. ಅದರ ಮೇಲೆ ವೈರಸ್ ಬಿಟ್ಟು, ಪರೀಕ್ಷಿಸಬೇಕಾದ ರಾಸಾಯನಿಕವನ್ನು ಬೇರೆ ಬೇರೆ ಪ್ರಮಾಣದಲ್ಲಿ ಹಾಕಿ, ಎಷ್ಟು ಕೋಶ ಉಳಿದವು, ಎಷ್ಟು ವೈರಸ್ ಹುಟ್ಟಿತು ಎಂದು ಎಣಿಸುತ್ತಾರೆ.

ಸಿಗುವ ಲೆಕ್ಕ ಎರಡು. ವೈರಸ್ಸನ್ನು ಅರ್ಧಕ್ಕೆ ಇಳಿಸಲು ಎಷ್ಟು ಬೇಕು, ಆ ಕೋಶಗಳಲ್ಲೇ ಅರ್ಧ ಸಾಯಲು ಎಷ್ಟು ಬೇಕು. ಈ ಎರಡರ ನಡುವಿನ ಅಂತರವೇ ಮುಖ್ಯ. ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೋಳದ ಹೊಲಕ್ಕೆ ಸಿಕ್ಕ ಕಳೆನಾಶಕ ಹೊಡೆದರೆ ಕಳೆಯೂ ಹೋಗುತ್ತದೆ, ಜೋಳವೂ ಹೋಗುತ್ತದೆ. ಫಿನಾಯಿಲೂ ತಟ್ಟೆಯಲ್ಲಿ ವೈರಸ್ಸನ್ನು ಕೊಲ್ಲುತ್ತದೆ, ಅದನ್ನು ಯಾರೂ ಕುಡಿಯುವುದಿಲ್ಲ.

ಅಂತರ ಚೆನ್ನಾಗಿದ್ದರೂ, ಅಷ್ಟು ಪ್ರಮಾಣ ನಮ್ಮ ರಕ್ತಕ್ಕೆ ತಲುಪಬೇಕು. ಕುರಿ, ದನಗಳ ಉಣ್ಣೆಗೆ ಕೊಡುವ ಐವರ್‌ಮೆಕ್ಟಿನ್ ನಮ್ಮ ಕಡೆ ಎಲ್ಲರಿಗೂ ಗೊತ್ತು. 2020ರಲ್ಲಿ ಆಸ್ಟ್ರೇಲಿಯಾದ ಲ್ಯಾಬೊಂದರಲ್ಲಿ ಅದು 48 ಗಂಟೆಯಲ್ಲಿ ಕೊರೊನಾ ವೈರಸ್ಸನ್ನು ಸುಮಾರು 5,000 ಪಟ್ಟು ಇಳಿಸಿತು. ಸುದ್ದಿ ಸುಳ್ಳಲ್ಲ. ಆದರೆ ಅಲ್ಲಿ ಅರ್ಧ ವೈರಸ್ಸನ್ನು ತಡೆಯಲು ಬೇಕಾದ ಸಾಂದ್ರತೆಯೇ, ಮನುಷ್ಯರಿಗೆ ಒಪ್ಪಿತವಾದ ಡೋಸಿನಿಂದ ರಕ್ತದಲ್ಲಿ ಸಿಗುವುದಕ್ಕಿಂತ 35 ಪಟ್ಟಿಗೂ ಹೆಚ್ಚು. ಬ್ರೆಜಿಲ್‌ನಲ್ಲಿ 1,358 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆಸ್ಪತ್ರೆ ಸೇರುವವರ ಸಂಖ್ಯೆಯನ್ನು ಅದು ತಗ್ಗಿಸಲಿಲ್ಲ.

ಕ್ಲೋರೊಕ್ವಿನ್ ಕತೆ ನಮಗೆ ಇನ್ನೂ ಹತ್ತಿರದ್ದು. 2006ರ ಚಿಕೂನ್‌ಗುನ್ಯಾವನ್ನು ಮರೆತವರು ಯಾರಿದ್ದಾರೆ? ಕರ್ನಾಟಕವೊಂದರಲ್ಲೇ 7.5 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು. ರಾಶಿ ಮಾಡುವ ಕೈಗಳಿಗೆ ರೊಟ್ಟಿ ಮುರಿಯಲಾಗದಂಥ ಕೀಲುನೋವು. ಮಲೇರಿಯಾದ ಕ್ಲೋರೊಕ್ವಿನ್ ಈ ವೈರಸ್ಸನ್ನು ತಟ್ಟೆಯ ಕೋಶಗಳಲ್ಲಿ ತಡೆಯುತ್ತದೆ. ಅದೇ ವರ್ಷ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ 54 ರೋಗಿಗಳಲ್ಲಿ ಕೆಲವರಿಗೆ ಕ್ಲೋರೊಕ್ವಿನ್, ಕೆಲವರಿಗೆ ಔಷಧವಿಲ್ಲದ ಗುಳಿಗೆ ಕೊಟ್ಟು ನೋಡಿದರು. ಜ್ವರದ ದಿನಗಳು ಕಡಿಮೆಯಾಗಲಿಲ್ಲ. 200 ದಿನ ಕಳೆದ ಮೇಲೆ ಕೀಲುನೋವು ಹೇಳಿಕೊಂಡವರು ಕ್ಲೋರೊಕ್ವಿನ್ ನುಂಗಿದವರಲ್ಲೇ ಹೆಚ್ಚು. ಮುಂದೆ ಮಂಗಗಳ ಮೇಲಿನ ಅಧ್ಯಯನದಲ್ಲಿ ಒಂದು ಕಾರಣ ಕಂಡಿತು: ಅದು ಮೈಯ ರಕ್ಷಣೆಯನ್ನೇ ತಡಮಾಡುತ್ತಿತ್ತು.

ಅದೇ ಕ್ಲೋರೊಕ್ವಿನ್ 2020ರಲ್ಲಿ ಕೊರೊನಾಕ್ಕೆಂದು ಮತ್ತೆ ಬಂತು. ಕೋತಿಯ ಮೂತ್ರಪಿಂಡದ ಕೋಶಗಳಲ್ಲಿ ವೈರಸ್ ನಿಂತಿತು. ಮನುಷ್ಯರ ಶ್ವಾಸಕೋಶದ ಕೋಶಗಳಲ್ಲಿ ನೋಡಿದರೆ ನಿಲ್ಲಲಿಲ್ಲ, ಅಲ್ಲಿ ವೈರಸ್ ಒಳಹೋಗುವ ಬಾಗಿಲೇ ಬೇರೆ.

ಹಾಗೆಂದು ಲ್ಯಾಬಿನ ಕೆಲಸ ಹುಸಿಯಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಕೊರೊನಾ ವೈರಸ್‌ಗಳನ್ನು ಒಂದಕ್ಕೊಂದು ಅಂಟಿಸಿ ನಿಷ್ಕ್ರಿಯಗೊಳಿಸುವ ಪುಟ್ಟ ಪ್ರೋಟೀನು ಕಟ್ಟಿ, 2022ರಲ್ಲಿ ಪ್ರಕಟಿಸಿದರು. ಅದು ಹ್ಯಾಮ್‌ಸ್ಟರ್ ಇಲಿಗಳನ್ನು ಕಾಪಾಡಿತು. ತಟ್ಟೆಯಿಂದ ಇಲಿಗೆ ಬಂದದ್ದು ದೊಡ್ಡ ಹೆಜ್ಜೆ. ಇಲಿಯಿಂದ ಮನುಷ್ಯರಿಗೆ ಬರುವ ದಾರಿ ಅದಕ್ಕಿಂತ ಉದ್ದ.

“ಪಪ್ಪಾಯಿ ಎಲಿ ರಸ, ಅಮೃತಬಳ್ಳಿ ಕಷಾಯ ಇರಬೇಕಾದ್ರ ಗುಳಗಿ ಯಾಕ?”

ಗಿಡಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಬೆಳಗಾವಿಯಲ್ಲಿ ಐಸಿಎಂಆರ್‌ನ ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆ ಇರುವುದೇ ಇಂಥ ಗಿಡಗಳನ್ನು ಪರೀಕ್ಷೆಗೆ ಒಡ್ಡಲು. ಡೆಂಗಿ ಬಂದವರಲ್ಲಿ ಪಪ್ಪಾಯಿ ಎಲೆಯಿಂದ ಪ್ಲೇಟ್‌ಲೆಟ್ ಏರಿತೆಂದು ಕೆಲವು ಅಧ್ಯಯನಗಳು ಹೇಳಿವೆ. ಡೆಂಗಿ ವೈರಸ್ ಸತ್ತಿತೆಂಬುದಕ್ಕೆ ಅದು ಪುರಾವೆಯಲ್ಲ. ರಸ ಕುಡಿಸಿ, ಹೊಟ್ಟೆನೋವು ವಾಂತಿ ಶುರುವಾದರೂ ಮನೆಯಲ್ಲೇ ಕೂಡಿಸುವುದು ಜೀವಕ್ಕೆ ಕುತ್ತು.

ಗಿಡಕ್ಕೂ ಔಷಧಕ್ಕೂ ಎಷ್ಟು ದೂರ ಎಂಬುದಕ್ಕೆ ಪಲಾವಿಗೆ ಹಾಕುವ ಚಕ್ರಮೊಗ್ಗು ಸಾಕ್ಷಿ. ಹಂದಿಜ್ವರಕ್ಕೆ ಕೊಡುವ ಒಸೆಲ್ಟಮಿವಿರ್ ತಯಾರಿಸಲು ಬೇಕಾದ ಶಿಕಿಮಿಕ್ ಆಮ್ಲವನ್ನು ಅದರಿಂದ ತೆಗೆಯುತ್ತಾರೆ. ಆ ಆಮ್ಲಕ್ಕೆ ವೈರಸ್ ತಡೆಯುವ ಗುಣವಿಲ್ಲ. ರಾಸಾಯನಿಕ ಕ್ರಿಯೆಗಳ ಹತ್ತಾರು ಮೆಟ್ಟಿಲು ದಾಟಿದ ಮೇಲೆ ಅದು ಔಷಧವಾಗುತ್ತದೆ. ಮೊಗ್ಗನ್ನು ಕುದಿಸಿ ಕುಡಿದರೆ ವಾಸನೆ ಚೆನ್ನಾಗಿರುತ್ತದೆ, ಅಷ್ಟೇ.

“ಹೆಸರು ಹಳದಿ ಆಗೈತಿ, ವೈರಸ್ ಸಾಯೋ ಎಣ್ಣಿ ಕೊಡ್ರಿ.”

ನವಲಗುಂದ, ಅಣ್ಣಿಗೇರಿಯ ಅಂಗಡಿಗಳಲ್ಲಿ ಮುಂಗಾರಿನ ಹೆಸರು ಬೆಳೆಗೆ ಹಳದಿ ನಂಜುರೋಗ ಬಂದಾಗ ಕೇಳುವ ಮಾತು ಇದು. ಮೆಣಸಿನಗಿಡಕ್ಕೆ ಮುಟುರು ಬಂದಾಗಲೂ ಹೀಗೇ ಕೇಳುತ್ತಾರೆ. ಪಂಪಿನಿಂದ ಹೊಡೆಯುವ ಎಣ್ಣಿ, ಅಂದರೆ ಕೀಟನಾಶಕ, ಸಾಯಿಸುವುದು ವೈರಸ್ಸನ್ನು ಹೊತ್ತು ತರುವ ಬಿಳಿನೊಣವನ್ನು, ವೈರಸ್ಸನ್ನಲ್ಲ. ರಿಬಾವಿರಿನ್ ಎಂಬ ಮನುಷ್ಯರ ಔಷಧ ಬಳಸಿ ಅಂಗಾಂಶ ಕೃಷಿಯ ಲ್ಯಾಬುಗಳಲ್ಲಿ ಎಳೆಸಸಿಗಳನ್ನು ವೈರಸ್‌ಮುಕ್ತ ಮಾಡುವುದುಂಟು. ಅದು ಗಾಜಿನ ಬಾಟಲಿಯೊಳಗಿನ ಮಾತು. ಹೊಲದಲ್ಲಿ ರೋಗ ಹತ್ತಿದ ಗಿಡವನ್ನು ಗುಣಪಡಿಸುವ ಎಣ್ಣಿ ರೈತರ ಕೈಗೆ ಇನ್ನೂ ಬಂದಿಲ್ಲ. ಹೊಲವೆಲ್ಲ ಹಳದಿಯಾದ ಮೇಲೆ ಸಾಲ ಮಾಡಿ ಎಣ್ಣಿ ತರಬೇಡಿ. ಗಿಡ ಗೇಣುದ್ದ ಇರುವಾಗಲೇ ಸಾಲಿನಲ್ಲಿ ನಡೆದು ನೋಡಿ, ಹಳದಿ ಮಚ್ಚೆ ಕಂಡ ಮೊದಲ ನಾಲ್ಕಾರು ಗಿಡಗಳನ್ನು ಬೇರುಸಹಿತ ಕಿತ್ತು ಹೊಲದ ಹೊರಗೆ ಹೂಳಿಬಿಡಿ.